ಕವರ್ ಬ್ಲಾಕ್: ವಿಜಯಪುರ ಜಿಲ್ಲೆಯ ಮನೆ ಕಟ್ಟಡಗಳಲ್ಲಿ

ಕವರ್ ಬ್ಲಾಕ್ ಎಂಬುದು ಆರ್‌ಸಿಸಿ ಕೆಲಸದಲ್ಲಿ ಕಬ್ಬಿಣದ ಸರಳಿಗೂ ಸೆಂಟ್ರಿಂಗ್ ಹಲಗೆಗೂ ನಡುವೆ ಗೊತ್ತುಪಡಿಸಿದ ಅಂತರ ಉಳಿಯಲೆಂದು ಇಡುವ ಸಣ್ಣ ಆಧಾರದ ತುಂಡು. ಕಾಂಕ್ರೀಟ್ ಹಾಕಿದ ಮೇಲೆ ಇದನ್ನು ತೆಗೆಯುವುದಿಲ್ಲ. ಅದು ಕಾಂಕ್ರೀಟಿನ ಭಾಗವೇ ಆಗುತ್ತದೆ. ಸಿಮೆಂಟ್ ಗಾರೆ, ಕಾಂಕ್ರೀಟ್, ಪ್ಲಾಸ್ಟಿಕ್ ಮತ್ತು ಉಕ್ಕಿನಲ್ಲಿ ಇದನ್ನು ತಯಾರಿಸುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದಲ್ಲಿ ಸ್ವಂತಕ್ಕೆ ಮನೆ ಕಟ್ಟಿಸುವವರು ಇದನ್ನು ಹೊಂದಿಸಿಕೊಳ್ಳುವ ಬಗೆ ಮತ್ತು ಅಲ್ಲಿನ ಮಣ್ಣು, ನೀರು, ಬಿಸಿಲು ಅದರ ಆಯ್ಕೆಯ ಮೇಲೆ ಬೀರುವ ಪರಿಣಾಮ ಈ ಲೇಖನದ ವ್ಯಾಪ್ತಿ.

ಪರಿಭಾಷೆ

ಸರಳಿನ ಹೊರಮೈಯಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪವನ್ನು ಇಲ್ಲಿ ‘ಹೊದಿಕೆ’ ಎಂದು ಕರೆದಿದೆ. ಆ ದಪ್ಪವನ್ನು ಕಾಯುವ ತುಂಡು ‘ಕವರ್ ಬ್ಲಾಕ್’. ಕೆಲಸದ ಸ್ಥಳದಲ್ಲಿ ಎರಡಕ್ಕೂ ‘ಕವರ್’ ಎಂಬ ಒಂದೇ ಮಾತು ನಡೆಯುತ್ತದೆ. ಮೇಲಿನ ಪದರದ ಸರಳುಗಳ ಜಾಲರಿಯನ್ನು ಎತ್ತಿ ಹಿಡಿಯುವ, ಬಾಗಿಸಿದ ಸರಳಿನ ಆಧಾರಕ್ಕೆ ‘ಚೇರ್’ ಎಂದು ಹೆಸರು. ಕಂಬ ಮತ್ತು ಬೀಮಿನ ಉದ್ದ ಸರಳುಗಳನ್ನು ಸುತ್ತುವ ಅಡ್ಡ ಕಬ್ಬಿಣ ‘ರಿಂಗ್’. ದಕ್ಷಿಣ ಕರ್ನಾಟಕದ ಜಲ್ಲಿ ಈ ಭಾಗದಲ್ಲಿ ಖಡಿ, ಮರಳು ಉಸುಕು, ಮೇಸ್ತ್ರಿ ಗೌಂಡಿ.

ಉಗಮ

ಕಾಂಕ್ರೀಟಿನೊಳಗೆ ಕಬ್ಬಿಣ ಹುದುಗಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡಿತು. ಜೋಸೆಫ್ ಮೊನಿಯೆ 1867ರಲ್ಲಿ ಗಿಡದ ಕುಂಡಗಳಿಗಾಗಿ ಪೇಟೆಂಟ್ ಪಡೆದ. ಫ್ರಾನ್ಸ್ವಾ ಎನ್ನೆಬಿಕ್ 1892ರ ಪೇಟೆಂಟಿನಲ್ಲಿ ಕಂಬ, ತೊಲೆ, ಚಪ್ಪಡಿಗಳನ್ನು ಒಟ್ಟಾಗಿ ಕಟ್ಟುವ ವ್ಯವಸ್ಥೆಯನ್ನು ಮುಂದಿಟ್ಟ. ಸರಳನ್ನು ಅದರ ಜಾಗದಲ್ಲೇ ಹಿಡಿದು ನಿಲ್ಲಿಸುವ ಸಮಸ್ಯೆಯೂ ಈ ಪದ್ಧತಿಯ ಜೊತೆಗೇ ಹುಟ್ಟಿತು. ಕಾಂಕ್ರೀಟ್ ಸುರಿಯುತ್ತಿರುವಾಗ ಜಾಲರಿಯನ್ನು ಕೊಕ್ಕೆಯಿಂದ ಮೇಲಕ್ಕೆ ಎಳೆಯುವುದು ಇದಕ್ಕೆ ಕಂಡುಕೊಂಡ ಒಂದು ಉಪಾಯ. ಎಳೆದದ್ದು ಕಾಲಿಟ್ಟ ಕೂಡಲೇ ಮತ್ತೆ ಕುಸಿಯುವುದರಿಂದ ಈ ಉಪಾಯ ನಂಬಲರ್ಹವಲ್ಲ, ಆದರೂ ಸಣ್ಣ ಕೆಲಸಗಳಿಂದ ಅದು ಇನ್ನೂ ಮರೆಯಾಗಿಲ್ಲ.

ಭಾರತದಲ್ಲಿ ಕಾಂಕ್ರೀಟ್ ಕೆಲಸದ ಮೂಲ ಸಂಹಿತೆಯಾದ ಐಎಸ್ 456 ಮೊದಲು 1953ರಲ್ಲಿ ಪ್ರಕಟವಾಯಿತು. 1957, 1964, 1978 ಮತ್ತು 2000ದಲ್ಲಿ ಪರಿಷ್ಕರಣೆಗೊಂಡಿತು. ನಕ್ಷೆಯಲ್ಲಿ ತೋರಿಸಿದ ಜಾಗದಲ್ಲೇ ಸರಳುಗಳು ನಿಲ್ಲುವಂತೆ ಕವರ್ ಬ್ಲಾಕ್ ಮತ್ತು ಆಧಾರ ಸರಳುಗಳನ್ನು ಒದಗಿಸಬೇಕೆಂದು 2000ದ ಆವೃತ್ತಿ ವಿಧಿಸುತ್ತದೆ.

ವಿಜಯಪುರ ಜಿಲ್ಲೆಯ ಹಳೆಯ ಮನೆಗಳಿಗೆ ಈ ವಸ್ತುವಿನ ಅಗತ್ಯವೇ ಇರಲಿಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ ಮತ್ತು ಜಂತಿ, ಮೇಲೆ ಹದಮಾಡಿದ ಮಣ್ಣು ಹೊದಿಸಿದ ಮಾಳಿಗೆ, ಇದು ಇಲ್ಲಿನ ಮನೆಯ ಸಾಮಾನ್ಯ ರೂಪವಾಗಿತ್ತು. ನಂತರ ಮಾಳಿಗೆಯ ಜಾಗಕ್ಕೆ ಆರ್‌ಸಿಸಿ ಸ್ಲ್ಯಾಬ್ ಬಂತು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಊರು ತೊರೆದವರಿಗಾಗಿ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಭಾಗಗಳಲ್ಲಿ ಎದ್ದ ಪುನರ್ವಸತಿ ಕೇಂದ್ರಗಳು, ಆಮೇಲಿನ ಸರಕಾರಿ ವಸತಿ ಯೋಜನೆಗಳು ಈ ಬದಲಾವಣೆಗೆ ವೇಗ ಕೊಟ್ಟವು.

ಕಾರ್ಯತತ್ತ್ವ

ಹೊದಿಕೆಯ ಮುಖ್ಯ ಕೆಲಸ ಎರಡು. ಕಬ್ಬಿಣವನ್ನು ತುಕ್ಕಿನಿಂದ ಕಾಪಾಡುವುದು ಒಂದು, ಸರಳನ್ನು ಲೆಕ್ಕಾಚಾರದ ಆಳದಲ್ಲಿ ನಿಲ್ಲಿಸುವುದು ಇನ್ನೊಂದು. ಬೆಂಕಿ ಬಿದ್ದಾಗ ಸರಳಿಗೆ ಬಿಸಿ ತಡವಾಗಿ ತಾಕುವುದೂ ಹೊದಿಕೆಯಿಂದಲೇ.

ಹೊಸ ಕಾಂಕ್ರೀಟ್ ಪ್ರಬಲ ಕ್ಷಾರ. ಅದರ ಪಿಎಚ್ ಮೌಲ್ಯ 12.5ರಿಂದ 13ರ ಆಸುಪಾಸು. ಈ ಸ್ಥಿತಿಯಲ್ಲಿ ಉಕ್ಕಿನ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಒಳಗೆ ಇಳಿಯುತ್ತ ಹೋದಂತೆ ಕ್ಷಾರ ಗುಣ ಕುಂದುತ್ತದೆ. ಪಿಎಚ್ ಸುಮಾರು 9ಕ್ಕೆ ಇಳಿದ ವಲಯ ಸರಳನ್ನು ಮುಟ್ಟಿದರೆ ಆ ಪದರ ಕರಗಿ, ತೇವ ಸಿಕ್ಕೊಡನೆ ತುಕ್ಕು ಶುರುವಾಗುತ್ತದೆ. ಈ ವಲಯ ಒಳಗಿಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಗುಣ. ಹೀಗಾಗಿ 20 ಮಿ.ಮೀ. ಇರಬೇಕಾದ ಹೊದಿಕೆ 10 ಮಿ.ಮೀ.ಗೆ ಇಳಿದರೆ ರಕ್ಷಣೆಯ ಅವಧಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಕುಗ್ಗುತ್ತದೆ. ಮಿಲಿಮೀಟರುಗಳ ಬಗ್ಗೆ ಸಂಹಿತೆ ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣ ಇದೇ. ತುಕ್ಕಿನ ಗಾತ್ರ ಮೂಲ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು. ಅದು ಉಬ್ಬಿದಾಗ ಹೊದಿಕೆ ಸೀಳಿ ಉದುರುತ್ತದೆ. ಉಪ್ಪಿನ ಕ್ಲೋರೈಡ್ ಸರಳಿಗೆ ತಾಕಿದರೆ ಕ್ಷಾರ ಗುಣ ಉಳಿದಿದ್ದರೂ ತುಕ್ಕು ಹಿಡಿಯಬಹುದು.

ಬಲದ ಲೆಕ್ಕ ಬೇರೆ ಇದೆ. 125 ಮಿ.ಮೀ. ದಪ್ಪದ ಸ್ಲ್ಯಾಬಿನಲ್ಲಿ 10 ಮಿ.ಮೀ. ಸರಳಿಗೆ 20 ಮಿ.ಮೀ. ಹೊದಿಕೆ ಕೊಟ್ಟರೆ ಮೇಲ್ಮೈಯಿಂದ ಸರಳಿನ ನಡುವಿನವರೆಗಿನ ಪರಿಣಾಮಕಾರಿ ಆಳ 100 ಮಿ.ಮೀ. ಸರಳು ಅದಕ್ಕಿಂತ 10 ಮಿ.ಮೀ. ಮೇಲಕ್ಕೆ ಕುಳಿತರೆ ಬಾಗುವಿಕೆ ತಡೆಯುವ ಶಕ್ತಿ ಸುಮಾರು ಹತ್ತನೆಯ ಒಂದು ಭಾಗ ಕಡಿಮೆಯಾಗುತ್ತದೆ. ಛಜ್ಜಾ, ಬಾಲ್ಕನಿಗಳಂಥ ಒಂದೇ ಕಡೆ ಆಧಾರವಿರುವ ಭಾಗಗಳಲ್ಲಿ ಮುಖ್ಯ ಸರಳು ಇರಬೇಕಾದದ್ದು ಮೇಲ್ಭಾಗದಲ್ಲಿ. ಕೆಲಸದವರ ತುಳಿತಕ್ಕೆ ಅದು ಕೆಳಗೆ ಇಳಿದರೆ ಆ ಭಾಗ ಕಬ್ಬಿಣವಿದ್ದೂ ಇಲ್ಲದಂತಾಗಿ, ಸೆಂಟ್ರಿಂಗ್ ಬಿಚ್ಚಿದೊಡನೆ ಬೀಳುವ ಅಪಾಯವಿದೆ. ಮನೆ ಕಟ್ಟಡದಲ್ಲಿ ಸರಳಿನ ಆಧಾರ ತಪ್ಪಿದ್ದಕ್ಕೆ ತಕ್ಷಣ ಬೆಲೆ ತೆರಬೇಕಾದ ಜಾಗ ಇದೊಂದೇ. ಉಳಿದೆಡೆ ತಪ್ಪು ಕಾಣಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ.

ಹೊದಿಕೆಯ ಅಳತೆ

ಐಎಸ್ 456:2000 ಹೊದಿಕೆಯನ್ನು ಪರಿಸರದ ತೀವ್ರತೆಗೆ ಜೋಡಿಸಿದೆ. ಸೌಮ್ಯ ಪರಿಸರಕ್ಕೆ 20, ಮಧ್ಯಮಕ್ಕೆ 30, ತೀವ್ರಕ್ಕೆ 45, ಅತಿ ತೀವ್ರಕ್ಕೆ 50, ಪರಮ ತೀವ್ರಕ್ಕೆ 75 ಮಿ.ಮೀ. ಸೌಮ್ಯ ಪರಿಸರದಲ್ಲಿ ಮುಖ್ಯ ಸರಳು 12 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದಿದ್ದರೆ 5 ಮಿ.ಮೀ. ಕಡಿಮೆ ಮಾಡಬಹುದು. ಕಂಬಕ್ಕೆ 40 ಮಿ.ಮೀ., ಬುನಾದಿಯ ಫುಟಿಂಗಿಗೆ 50 ಮಿ.ಮೀ. ಕನಿಷ್ಠ. ಈ ಅಳತೆಯನ್ನು ಹಿಡಿಯಬೇಕಾದದ್ದು ರಿಂಗೂ ಸೇರಿ ಅತ್ಯಂತ ಹೊರಗಿನ ಕಬ್ಬಿಣದಿಂದ, ಉದ್ದ ಸರಳಿನಿಂದಲ್ಲ. ವಾಸ್ತವದ ಹೊದಿಕೆ ನಿಗದಿಗಿಂತ 10 ಮಿ.ಮೀ.ವರೆಗೆ ಹೆಚ್ಚಾಗಬಹುದು; ಕಡಿಮೆಯಾಗಲು ಸಂಹಿತೆ ಒಂದು ಮಿಲಿಮೀಟರನ್ನೂ ಬಿಟ್ಟುಕೊಟ್ಟಿಲ್ಲ.

ಕಂಬಗಳಿಗೆ ಒಂದು ರಿಯಾಯಿತಿ ಇದೆ: ಚಿಕ್ಕ ಬದಿ 200 ಮಿ.ಮೀ. ಅಥವಾ ಕಡಿಮೆಯಿದ್ದು, ಸರಳು 12 ಮಿ.ಮೀ. ಮೀರದಿದ್ದರೆ 25 ಮಿ.ಮೀ. ಸಾಕು. ಮನೆಗಳಲ್ಲಿ ರೂಢಿಯಲ್ಲಿರುವ 9 ಇಂಚಿನ, ಅಂದರೆ 230 ಮಿ.ಮೀ. ಕಂಬಕ್ಕೆ ಇದು ಅನ್ವಯಿಸದು. ಅಲ್ಲಿ ಎರಡು ಬದಿಗೂ 40 ಮಿ.ಮೀ. ಬಿಟ್ಟರೆ ರಿಂಗಿನ ಹೊರ ಅಳತೆ 150 ಮಿ.ಮೀ. ಮಾತ್ರ. ಅದೇ ಅಗಲದ ಬೀಮಿನಲ್ಲಿ 25ರಿಂದ 30 ಮಿ.ಮೀ. ಹೊದಿಕೆಗೆ ರಿಂಗು 170ರಿಂದ 180 ಮಿ.ಮೀ. ಆಗುತ್ತದೆ. ಎರಡಕ್ಕೂ ಒಂದೇ ಅಳತೆಯ ರಿಂಗು ಬಾಗಿಸಿಟ್ಟ ಕಡೆ ಕಂಬದಲ್ಲಿ 40 ಮಿ.ಮೀ. ಬ್ಲಾಕು ತೂರುವುದೇ ಇಲ್ಲ, ಕೆಲಸಗಾರರು ಅದನ್ನು ಒಡೆದು ಅಥವಾ ಬಿಟ್ಟು ಸೆಂಟ್ರಿಂಗ್ ಮುಚ್ಚುತ್ತಾರೆ. ಆದ್ದರಿಂದ ಹೊದಿಕೆ ನಿಜವಾಗಿ ನಿರ್ಧಾರವಾಗುವುದು ಬಾರ್ ಬೆಂಡರ್ ರಿಂಗು ಕತ್ತರಿಸುವ ದಿನ. ಬ್ಲಾಕು ಆ ನಿರ್ಧಾರವನ್ನು ಕಾಯುತ್ತದೆ ಅಷ್ಟೇ.

ಬಗೆಗಳು

*ಗಾರೆಯ ಬ್ಲಾಕ್.* ಕೆಲಸದ ಸ್ಥಳದಲ್ಲೇ ಸಿಮೆಂಟ್ ಮತ್ತು ಉಸುಕಿನಿಂದ ಮಾಡುವ ಚೌಕಾಕಾರದ ಬಿಲ್ಲೆ. ನಾಲ್ಕೂ ತಾಲೂಕುಗಳಲ್ಲಿ ಯಾವ ಊರಲ್ಲಾದರೂ, ಪೇಟೆಗೆ ಹೋಗದೆ ಹೊಂದಿಸಿಕೊಳ್ಳಬಹುದಾದದ್ದು ಇದೊಂದೇ. ಒಂದು ಪಾಲು ಸಿಮೆಂಟಿಗೆ ಎರಡು ಪಾಲಿಗಿಂತ ಹೆಚ್ಚು ಉಸುಕು ಸೇರಿಸದೆ, ಮುದ್ದೆ ಕಟ್ಟುವಷ್ಟೇ ನೀರು ಹಾಕಿ ಗಾರೆ ಕಲಸುತ್ತಾರೆ. ಸಮತಟ್ಟಾದ ಫರಸಿ ಕಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬೇಕಾದ ದಪ್ಪದ ಕಟ್ಟಿಗೆಯ ಪಟ್ಟಿ ಇಟ್ಟು, ಗಾರೆ ತುಂಬಿ ಒತ್ತಿ, ಪಟ್ಟಿಯ ಮಟ್ಟಕ್ಕೆ ಸವರುತ್ತಾರೆ. ಸ್ವಲ್ಪ ಬಿಗಿಯಾದ ಮೇಲೆ ಕರಣೆಯಿಂದ 50 ಮಿ.ಮೀ. ಚೌಕಗಳಾಗಿ ಕೊಯ್ದು, ಪ್ರತಿ ಚೌಕದ ನಡುವೆ ಮಡಿಚಿದ ಬೈಂಡಿಂಗ್ ತಂತಿಯನ್ನು ನಾಟುತ್ತಾರೆ. ತಂತಿಯ ಮಡಿಕೆ ಬಿಲ್ಲೆಯ ಅಡಿಯವರೆಗೆ ಇಳಿಯಬಾರದು; ಇಳಿದರೆ ಅದೇ ತುಕ್ಕಿಗೆ ದಾರಿಯಾಗಿ ಸ್ಲ್ಯಾಬಿನ ಕೆಳಮೈಯಲ್ಲಿ ಕಂದು ಚುಕ್ಕೆ ಮೂಡಿಸುತ್ತದೆ.

ಪ್ರಮಾಣ ಹೀಗಿದೆ. 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಹಾಸಿನಲ್ಲಿ 50 ಮಿ.ಮೀ. ಚೌಕದ 200 ಬಿಲ್ಲೆಗಳು ಬರುತ್ತವೆ. 20 ಮಿ.ಮೀ. ದಪ್ಪಕ್ಕೆ ಗಾರೆಯ ಗಾತ್ರ 10 ಲೀಟರ್. ಸಿಮೆಂಟ್ ಸುಮಾರು 6ರಿಂದ 7 ಕಿಲೋ, ಅಂದರೆ 50 ಕಿಲೋ ಚೀಲದ ಎಂಟನೆಯ ಒಂದು ಭಾಗದ ಆಸುಪಾಸು. ಸಣ್ಣ ಮನೆಯ ಸ್ಲ್ಯಾಬಿಗೆ ಬೇಕಾದ ಬಿಲ್ಲೆಗಳಿಗೆ ತಗಲುವ ಸಿಮೆಂಟ್ ಇಷ್ಟು ಅಲ್ಪವಾದ್ದರಿಂದ ಇಲ್ಲಿ ಸಿಮೆಂಟ್ ಉಳಿಸುವುದಕ್ಕೆ ಅರ್ಥವಿಲ್ಲ.

ಗಾರೆಯ ಬ್ಲಾಕಿನ ದೌರ್ಬಲ್ಯ ಇರುವುದು ಕ್ಯೂರಿಂಗಿನಲ್ಲಿ. ಸ್ಲ್ಯಾಬಿನ ಹಿಂದಿನ ಸಂಜೆ ಮಾಡಿ ಮರುದಿನ ಬಳಸಿದ ಬಿಲ್ಲೆ ಸರಳಿನ ಭಾರಕ್ಕೇ ಪುಡಿಯಾಗುತ್ತದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ ನೀರುಣಿಸಬೇಕೆಂದು ಐಎಸ್ 456 ಹೇಳುತ್ತದೆ. ಒಣ ಬಿಸಿ ಹವೆಯಲ್ಲಿ ಈ ಅವಧಿಗಳು ಕ್ರಮವಾಗಿ 10 ಮತ್ತು 14 ದಿನ. ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಜಿಲ್ಲೆಗೆ ಎರಡನೆಯ ಲೆಕ್ಕವೇ ಸರಿ. ಸಣ್ಣ ಬಿಲ್ಲೆ ಬಿಸಿಲಿಗೆ ಬಹಳ ಬೇಗ ಒಣಗುವುದರಿಂದ ಮೇಲೆ ನೀರು ಚಿಮುಕಿಸುವುದು ಸಾಲದು. ಬ್ಯಾರಲ್ಲಿನಲ್ಲೋ ತೊಟ್ಟಿಯಲ್ಲೋ ಮುಳುಗಿಸಿ ಇಡಬೇಕು. ಫುಟಿಂಗಿನ ಕೆಲಸ ನಡೆಯುತ್ತಿರುವಾಗಲೇ ಸ್ಲ್ಯಾಬಿನ ಬಿಲ್ಲೆ ಮಾಡಿ ನೀರಿಗೆ ಹಾಕಿದರೆ 28 ದಿನ ತಾನಾಗಿ ಕೂಡಿಬರುತ್ತದೆ.

*ಕಾರ್ಖಾನೆಯ ಕಾಂಕ್ರೀಟ್ ಬ್ಲಾಕ್.* ಅಚ್ಚಿನಲ್ಲಿ ಕಂಪನದಿಂದ ಬಿಗಿಗೊಳಿಸಿ ತಯಾರಾಗುವ ಇವು ಅಳತೆಯಲ್ಲಿ ಏಕರೂಪ. ಒಂದೇ ತುಂಡನ್ನು ಬೇರೆ ಬೇರೆ ಮಗ್ಗುಲಿಗೆ ತಿರುಗಿಸಿ ಎರಡು ಮೂರು ಅಳತೆಯ ಹೊದಿಕೆಗೆ ಬಳಸುವಂಥವೂ, ಸರಳು ಕೂರಲು ತೋಡು ಇರುವಂಥವೂ ಸಿಗುತ್ತವೆ. ಹಲವು ಮಗ್ಗುಲಿನ ಬ್ಲಾಕನ್ನು ತಪ್ಪು ಮಗ್ಗುಲಿಗೆ ಇಡುವುದು ಸುಲಭ, ಆದ್ದರಿಂದ ಕೊನೆಯ ತಪಾಸಣೆ ಬೇಕೇ ಬೇಕು. ಬ್ಲಾಕಿನ ಶಕ್ತಿ ಸುತ್ತಲಿನ ಕಾಂಕ್ರೀಟಿನದಕ್ಕಿಂತ ಕಡಿಮೆ ಇರಬಾರದು ಎಂಬುದು ಎಲ್ಲ ಸಿಮೆಂಟ್ ಬ್ಲಾಕುಗಳಿಗೂ ಒಪ್ಪುವ ನಿಯಮ. ಮಧ್ಯಮ ಪರಿಸರದ ಆರ್‌ಸಿಸಿಗೆ ಕನಿಷ್ಠ ಎಂ25 ಕಾಂಕ್ರೀಟ್ ಬೇಕೆಂದಾಗ ಅದರೊಳಗಿನ ಬಿಲ್ಲೆ ಅದಕ್ಕಿಂತ ದುರ್ಬಲವಾದರೆ ಅದೇ ನೀರಿಳಿಯುವ ರಂಧ್ರ.

*ಪ್ಲಾಸ್ಟಿಕ್.* ಸ್ಲ್ಯಾಬಿಗೆ ಕಾಲುಗಳಿರುವ ಪೀಠದ ರೂಪ, ಕಂಬ ಮತ್ತು ಗೋಡೆಗೆ ರಿಂಗಿಗೆ ಸಿಕ್ಕಿಸುವ ಚಕ್ರದ ರೂಪ. ಹಗುರ, ಅಳತೆ ನಿಖರ, ತಂತಿ ಕಟ್ಟುವ ಕೆಲಸವಿಲ್ಲ. ಕಂಬದಲ್ಲಿ ಗಾರೆಯ ಬಿಲ್ಲೆ ಜಾರಿ ತಿರುಗುವ ತೊಂದರೆ ಚಕ್ರಕ್ಕಿಲ್ಲ. ಆದರೆ ಪ್ಲಾಸ್ಟಿಕ್ಕು ಕಾಂಕ್ರೀಟಿನೊಡನೆ ಬೆಸೆಯುವುದಿಲ್ಲ, ಬಿಸಿಗೆ ಅದು ಹಿಗ್ಗುವ ಪ್ರಮಾಣವೂ ಕಾಂಕ್ರೀಟಿಗಿಂತ ಹಲವು ಪಟ್ಟು ಹೆಚ್ಚು. ಹೀಗಾಗಿ ಗಾರೆ ಒಳಹೊಕ್ಕು ಹಿಡಿಯಲು ದೊಡ್ಡ ತೂತುಗಳಿರುವ ಮಾದರಿಗಳು ಮೇಲು. ಭಾರವಾದ ಬೀಮಿನ ಅಡಿಗೆ, ನೀರಿನ ಟಾಕಿಯ ಗೋಡೆಗೆ, ಬುನಾದಿಗೆ ಸಿಮೆಂಟಿನ ಬ್ಲಾಕೇ ಸೂಕ್ತ. ಕಡಿಮೆ ದರ್ಜೆಯ ಪ್ಲಾಸ್ಟಿಕ್ ಪೀಠ ಬಿಸಿಲಿಗೆ ಕಾದ ಕಬ್ಬಿಣದ ಸೆಂಟ್ರಿಂಗ್ ತಟ್ಟೆಯ ಮೇಲೆ ಮೆತ್ತಗಾಗಿ ಕಾಲು ಬಾಗಿಸಬಹುದು.

*ಚೇರ್.* ಎರಡು ಪದರದ ಜಾಲರಿ ಇರುವಲ್ಲಿ, ಛಜ್ಜಾದ ಮೇಲಿನ ಸರಳಿಗೆ, ದಪ್ಪ ಫುಟಿಂಗಿಗೆ ಬೇಕು. ಕತ್ತರಿಸಿ ಉಳಿದ ಸರಳಿನ ತುಂಡುಗಳಿಂದಲೇ ಬಾಗಿಸಬಹುದು. ಚೇರಿನ ಕಾಲು ನೇರವಾಗಿ ಸೆಂಟ್ರಿಂಗ್ ತಟ್ಟೆಗೆ ತಾಗಬಾರದು. ಕೆಳಗಿನ ಜಾಲರಿಯ ಮೇಲೋ ಕವರ್ ಬ್ಲಾಕಿನ ಮೇಲೋ ನಿಲ್ಲಬೇಕು.

*ಬದಲಿ ವಸ್ತುಗಳು.* ಖಡಿ, ಇಟ್ಟಂಗಿ ಚೂರು, ಟೈಲ್ಸ್ ತುಂಡು, ಕಟ್ಟಿಗೆಯ ಚಕ್ಕೆ, ಪೈಪಿನ ತುಂಡುಗಳನ್ನು ಸರಳಿನ ಕೆಳಗೆ ತೂರಿಸುವ ಅಭ್ಯಾಸ ಸಣ್ಣ ಕೆಲಸಗಳಲ್ಲಿ ವ್ಯಾಪಕ. ಖಡಿ ಗಟ್ಟಿಯಾದರೂ ಒಂದೇ ದಪ್ಪಕ್ಕೆ ಸಿಗದು, ಕಟ್ಟಲು ಬಾರದು, ಕಾಂಕ್ರೀಟ್ ಬಿದ್ದಾಗ ಉರುಳುತ್ತದೆ. ಇಟ್ಟಂಗಿ ನೀರು ಹೀರಿ ಸರಳಿಗೆ ಮುಟ್ಟಿಸುತ್ತದೆ. ಕಟ್ಟಿಗೆ ಉಬ್ಬಿ ಕುಗ್ಗಿ ಕೊನೆಗೆ ಕೊಳೆತು ತೂತು ಉಳಿಸುತ್ತದೆ. ಗಟ್ಟಿ ಗ್ರಾನೈಟನ್ನು ಯಂತ್ರದಲ್ಲಿ ಒಂದೇ ದಪ್ಪಕ್ಕೆ ಕೊಯ್ದ ತುಂಡು ಇವೆಲ್ಲಕ್ಕಿಂತ ವಾಸಿ, ಆದರೆ ಹೊಳಪಿನ ಮೈಗೆ ಗಾರೆ ಹಿಡಿಯುವುದಿಲ್ಲ.

ನಾಲ್ಕು ತಾಲೂಕುಗಳ ಪರಿಸ್ಥಿತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂದು ಇಲ್ಲಿ ಹೇಳಿದ್ದು ಹಳೆಯ ತಾಲೂಕು ಗಡಿಗಳನ್ನು. ತಾಲೂಕುಗಳ ಮರುವಿಂಗಡಣೆಯಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಪ್ರತ್ಯೇಕ ತಾಲೂಕುಗಳಾಗಿವೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ನದಿ.

ಜಿಲ್ಲೆಯ ಬಹುಭಾಗ ದಖ್ಖನ್ ಬಸಾಲ್ಟಿನ ಮೇಲೆ ಹುಟ್ಟಿದ ಎರೆ, ಅಂದರೆ ಕಪ್ಪು ಮಣ್ಣಿನ, ಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನಲ್ಲಿ ಬುನಾದಿಯ ಕವರ್ ಬ್ಲಾಕಿಗೆ ಗಟ್ಟಿ ನೆಲವೇ ಸಿಗುವುದಿಲ್ಲ. ಎರೆಯ ಮೇಲೆ ನೇರವಾಗಿ ಇಟ್ಟ 50 ಮಿ.ಮೀ. ಬ್ಲಾಕು ಜಾಲರಿಯ ಭಾರಕ್ಕೆ ಒಳಗಿಳಿದು, ಕಬ್ಬಿಣ ಮಣ್ಣಿಗೆ ತಾಗುತ್ತದೆ. ಮುರುಮು ತುಂಬಿ ದಮ್ಮಸು ಮಾಡಿ, ಮೇಲೆ 75ರಿಂದ 100 ಮಿ.ಮೀ. ದಪ್ಪದ ಬಡ ಕಾಂಕ್ರೀಟಿನ ಹಾಸು ಹಾಕಿ, ಅದು ಗಟ್ಟಿಯಾದ ಮೇಲೆ ಬ್ಲಾಕು ಇಡುವುದು ಇದಕ್ಕೆ ಪರಿಹಾರ. ಆಳದ ಎರೆಯಲ್ಲಿ ಬುಡ ಅಗಲಿಸಿದ ಅಂಡರ್ ರೀಮ್ಡ್ ಪೈಲ್ ಹಾಕುವಲ್ಲಿ ಸರಳಿನ ಪಂಜರವನ್ನು ಕೊರೆದ ಗುಂಡಿಗೆ ಇಳಿಸುವಾಗ ಚೌಕ ಬಿಲ್ಲೆ ಮಣ್ಣಿಗೆ ಸಿಕ್ಕಿ ಕಿತ್ತುಬರುತ್ತದೆ. ನಡುವೆ ತೂತಿರುವ ಗಾಲಿಯಾಕಾರದ ಗಾರೆ ಬ್ಲಾಕನ್ನು ಪಂಜರದ ಹೊರ ಸುತ್ತಿಗೆ ಪೋಣಿಸಿದರೆ ಅದು ಉರುಳುತ್ತ ಇಳಿಯುತ್ತದೆ. ಮುದ್ದೇಬಿಹಾಳದ ಪೂರ್ವಕ್ಕೆ ತಾಳಿಕೋಟೆಯ ಸುತ್ತ ಸುಣ್ಣಕಲ್ಲಿನ ಪದರಗಳಿವೆ. ಅಲ್ಲಿನ ಫರಸಿ ನೆಲಕ್ಕೂ ಗೋಡೆಗೂ ಹೆಸರಾದದ್ದು. ಬಿಲ್ಲೆ ಎರೆಯಲು ಸಮತಟ್ಟಾದ ಹಾಸಾಗಿ ಅದು ಒದಗುತ್ತದೆ.

ನೀರು ಇನ್ನೊಂದು ಪ್ರಶ್ನೆ. ಡೋಣಿ ಕಣಿವೆಯ ನೀರು ಮತ್ತು ಮಣ್ಣು ಸವಳಿಗೆ, ಅಂದರೆ ಉಪ್ಪಿನಂಶಕ್ಕೆ, ಹೆಸರುವಾಸಿ. ಆರ್‌ಸಿಸಿ ಕಲಸುವ ನೀರಿನಲ್ಲಿ ಲೀಟರಿಗೆ ಕ್ಲೋರೈಡ್ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು ಎಂದು ಐಎಸ್ 456 ನಿಗದಿಪಡಿಸಿದೆ. ಕವರ್ ಬ್ಲಾಕಿಗೂ ಇದೇ ಮಿತಿ ಸಲ್ಲಬೇಕು. ಬಿಲ್ಲೆ ಸರಳನ್ನು ನೇರವಾಗಿ ಮುಟ್ಟಿಕೊಂಡಿರುತ್ತದೆ; ಸವಳು ನೀರಿನಲ್ಲಿ ಕಲಸಿ, ಅದೇ ನೀರಿನಲ್ಲಿ ವಾರಗಟ್ಟಲೆ ನೆನೆಸಿದರೆ ಉಪ್ಪನ್ನು ಸರಳಿನ ಬುಡಕ್ಕೆ ತಂದಿಟ್ಟಂತೆ. ನಾಲಗೆಗೆ ಉಪ್ಪು ಹತ್ತುವ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಬಳಸುವುದು ಸಲ್ಲದು. ಸಿಹಿ ನೀರು ಟ್ಯಾಂಕರಿನಲ್ಲಿ ತರಿಸಬೇಕಾದ ಊರುಗಳಲ್ಲಿ ಕಾರ್ಖಾನೆಯ ಬ್ಲಾಕು ಕೊಳ್ಳುವುದೇ ಸರಳ ದಾರಿ. ಸವಳು ನೆಲದಲ್ಲಿನ ಬುನಾದಿಗೆ ಮಣ್ಣಿನ ಪರೀಕ್ಷೆಯ ಫಲಿತಾಂಶ ನೋಡಿ ಎಂಜಿನಿಯರ್ ಹೊದಿಕೆಯನ್ನು 50 ಮಿ.ಮೀ.ಗಿಂತ ಹೆಚ್ಚಿಸಬೇಕಾಗಬಹುದು.

ಹಳೆಯ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಇಂಥ ಸ್ಥಾವರಗಳ ಹಾರುಬೂದಿ ಸಿಮೆಂಟ್ ಮತ್ತು ಇಟ್ಟಂಗಿ ತಯಾರಿಕೆಗೆ ಬಳಕೆಯಾಗುತ್ತದೆ. ಗಾರೆಯ ಬಿಲ್ಲೆಗೆ ಬೂದಿಯನ್ನು ಕೈಯಳತೆಯಲ್ಲಿ ಬೆರೆಸುವುದರಿಂದ ಮೊದಲ ವಾರಗಳ ಶಕ್ತಿ ಕುಂದುತ್ತದೆ. ಈಗಾಗಲೇ ಬೂದಿ ಬೆರೆತು ಬರುವ ಪಿಪಿಸಿಗೆ ಮತ್ತೆ ಬೂದಿ ಸೇರಿಸುವ ಅಗತ್ಯವಿಲ್ಲ.

ಪೂರೈಕೆ

ತಾಲೂಕು ಕೇಂದ್ರಗಳ ಸಿಮೆಂಟ್, ಕಬ್ಬಿಣ ಮಾರುವ ಅಂಗಡಿಗಳು, ಹಾರ್ಡ್‌ವೇರ್ ಅಂಗಡಿಗಳು, ಸಿಮೆಂಟ್ ಇಟ್ಟಂಗಿ, ಕಿಟಕಿ, ಬಾವಿ ರಿಂಗು ಮಾಡುವ ಸಣ್ಣ ಘಟಕಗಳು ಕವರ್ ಬ್ಲಾಕಿಗೆ ಮೊದಲು ವಿಚಾರಿಸಬೇಕಾದ ಜಾಗಗಳು. ಅಂಗಡಿಯಲ್ಲಿ ದಾಸ್ತಾನು ಇಲ್ಲದ ಅಳತೆಗಳಿಗೆ ಜಿಲ್ಲಾ ಕೇಂದ್ರವೇ ಆಸರೆ: ವಿಜಯಪುರಕ್ಕೆ ಬಸವನ ಬಾಗೇವಾಡಿಯಿಂದ ಸುಮಾರು 45, ಇಂಡಿಯಿಂದ 55, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80 ಕಿ.ಮೀ. ಇಂಡಿ, ಚಡಚಣ ಭಾಗಕ್ಕೆ ಸೊಲ್ಲಾಪುರದ ಪೇಟೆಯೂ ಹತ್ತಿರ. ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರವನ್ನು ವಿಜಯಪುರಕ್ಕೆ ಜೋಡಿಸುತ್ತದೆ. ಹೆದ್ದಾರಿ 50ರ ಮೇಲಿರುವ ಸಿಂದಗಿಗೆ ಕಲಬುರಗಿಯ ಕಡೆಯ ಸರಕು ಸಿಗುತ್ತದೆ. ಮುದ್ದೇಬಿಹಾಳಕ್ಕೆ ಕೃಷ್ಣೆಯ ಆಚೆಯ ಬಾಗಲಕೋಟೆಯೂ ಒಂದು ದಾರಿ.

ಸಾಗಣೆಯಲ್ಲಿ ತೂಕವೇ ಮುಖ್ಯ. 50 ಮಿ.ಮೀ. ಚೌಕ, 20 ಮಿ.ಮೀ. ದಪ್ಪದ ಸಿಮೆಂಟ್ ಬಿಲ್ಲೆ ಸುಮಾರು 115 ಗ್ರಾಂ ತೂಗುತ್ತದೆ. ಸಾವಿರಕ್ಕೆ ಒಂದು ಕ್ವಿಂಟಲ್ ಮೀರುತ್ತದೆ. ಫುಟಿಂಗಿನ 50 ಮಿ.ಮೀ. ಘನದ ಬ್ಲಾಕು 290 ಗ್ರಾಂ ಆಸುಪಾಸು. ಇವನ್ನು ಸಿಮೆಂಟ್ ಅಥವಾ ಕಬ್ಬಿಣದ ಲೋಡಿನೊಂದಿಗೇ ತರಿಸುವುದು ಲೇಸು. ಪ್ಲಾಸ್ಟಿಕ್ ಪೀಠಗಳ ಚೀಲ ಬಸ್ಸಿನ ಪಾರ್ಸೆಲ್ಲಿನಲ್ಲೂ ಬರುತ್ತದೆ.

ಬೇಡಿಕೆ ಕೊಡುವಾಗ ‘ಕವರ್ ಕೊಡಿ’ ಎಂದಷ್ಟೇ ಹೇಳುವುದು ಸಾಲದು. ಯಾವ ಭಾಗಕ್ಕೆ, ಎಷ್ಟು ಮಿಲಿಮೀಟರ್, ತಂತಿ ಸಹಿತವೋ ರಹಿತವೋ, ಎಷ್ಟು ನಗ ಎಂಬುದನ್ನು ಬರೆದು ಕೊಡಬೇಕು. ಸಂಖ್ಯೆಯನ್ನು ಅಳತೆಯಿಂದ ತೆಗೆಯಬಹುದು. 30x40 ಅಡಿಯ ಸ್ಲ್ಯಾಬ್ 1,200 ಚದರಡಿ, ಅಂದರೆ ಸುಮಾರು 111 ಚದರ ಮೀಟರ್. ಎರಡೂ ದಿಕ್ಕಿಗೆ 1 ಮೀಟರಿಗೊಂದರಂತೆ ಸುಮಾರು 112, ಅರ್ಧ ಮೀಟರಿಗೊಂದರಂತೆ 446 ಬೇಕಾಗುತ್ತವೆ. 8 ಮತ್ತು 10 ಮಿ.ಮೀ. ಸರಳುಗಳು ತುಳಿತಕ್ಕೆ ಬೇಗ ಬಾಗುವುದರಿಂದ ಅರ್ಧ ಮೀಟರಿನ ಲೆಕ್ಕವೇ ಕ್ಷೇಮ. ಹನ್ನೆರಡು ಕಂಬಗಳಿಗೆ ಪ್ರತಿ ಕಂಬದ ನಾಲ್ಕು ಮುಖ, ಮೂರು ಮಟ್ಟದಂತೆ 144. ಒಡೆದು ಹೋಗುವುದಕ್ಕೆಂದು ಹತ್ತಕ್ಕೊಂದು ಹೆಚ್ಚು ತರಿಸಬೇಕು.

ಬಳಕೆ

ಸ್ಲ್ಯಾಬಿನಲ್ಲಿ ಬಿಲ್ಲೆಯನ್ನು ಅತ್ಯಂತ ಕೆಳಗಿನ ಸರಳಿನ ಅಡಿಗೆ, ಸಾಧ್ಯವಾದಷ್ಟು ಅಡ್ಡ ಉದ್ದ ಸರಳುಗಳು ಕೂಡುವಲ್ಲಿ ಇಟ್ಟು ತಂತಿ ಬಿಗಿಯುತ್ತಾರೆ. ಎಲ್ಲ ಬಿಲ್ಲೆಗಳನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಆ ಗೆರೆ ದುರ್ಬಲವಾಗುವ ಸಂಭವವಿದೆ, ಸಾಲು ತಪ್ಪಿಸಿ ಇಡಬೇಕು. ಕಂಬದಲ್ಲಿ ರಿಂಗಿಗೆ, ಬೀಮಿನಲ್ಲಿ ಅಡಿಗೂ ಎರಡು ಪಕ್ಕಗಳಿಗೂ ಕಟ್ಟಬೇಕು. ಪಕ್ಕದ ಬಿಲ್ಲೆಗಳನ್ನು ಮರೆಯುವುದು ಸಾಮಾನ್ಯ. ವಿದ್ಯುತ್ ಪೈಪು ಹಾಕುವವರು ಜಾಲರಿಯ ಮೇಲೆ ಓಡಾಡಿ ಹೋದ ಮೇಲೆ ಒಮ್ಮೆ, ಕಾಂಕ್ರೀಟ್ ಶುರುವಾಗುವ ಮುನ್ನ ಇನ್ನೊಮ್ಮೆ ಬಗ್ಗಿ ನೋಡಬೇಕು. ಬುಟ್ಟಿ ಹೊರುವವರ ಓಡಾಟಕ್ಕೆ ಹಲಗೆ ಹಾಸಿದರೆ ಛಜ್ಜಾದ ಮೇಲಿನ ಸರಳು ಉಳಿಯುತ್ತದೆ.

ದೋಷ ಮತ್ತು ಪರೀಕ್ಷೆ

ಬಿಲ್ಲೆಯ ಗುಣ ತಿಳಿಯಲು ಅಳತೆ ಪಟ್ಟಿಯೇ ಮೊದಲ ಸಾಧನ: ಒಂದು ಚೀಲದಿಂದ ಹತ್ತು ತೆಗೆದು ದಪ್ಪ ನೋಡಬೇಕು. ಉಗುರಿಗೆ ಪುಡಿ ಉದುರುವ, ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಹೋಳಾಗುವ ಬಿಲ್ಲೆ ಬೇಡ. ದೊಡ್ಡ ಕೆಲಸಕ್ಕೆ ಅದೇ ಗಾರೆಯ ಘನಗಳನ್ನು ಎರೆದು ಪ್ರಯೋಗಾಲಯದಲ್ಲಿ ಒತ್ತಡ ಪರೀಕ್ಷೆ ಮಾಡಿಸಬಹುದು.

ಕಟ್ಟಡದಲ್ಲಿ ಹೊದಿಕೆ ಕಡಿಮೆಯಾದ ಗುರುತು ಸ್ಲ್ಯಾಬಿನ ಕೆಳಮೈಯಲ್ಲಿ ಸರಳಿನ ಗುಂಟ ನೇರ ಗೆರೆಯಾಗಿ ಮೂಡುವ ಬಿರುಕು ಮತ್ತು ಕಂದು ಕಲೆ. ಬಚ್ಚಲು, ಟಾಕಿಯ ಕೆಳಗಿನ ಭಾಗ ಮತ್ತು ಛಜ್ಜಾಗಳಲ್ಲಿ ಇದು ಮೊದಲು ಕಾಣುತ್ತದೆ. ಮೇಲೆ ಗಿಲಾಯಿ (ಪ್ಲಾಸ್ಟರ್) ಬಳಿದರೆ ಗುರುತು ಮುಚ್ಚುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ. ಗಿಲಾಯಿಯ ದಪ್ಪವನ್ನು ಹೊದಿಕೆಯ ಲೆಕ್ಕಕ್ಕೆ ಸೇರಿಸುವಂತೆಯೂ ಇಲ್ಲ. ಗಟ್ಟಿಯಾದ ಕಾಂಕ್ರೀಟಿನೊಳಗಿನ ಹೊದಿಕೆಯನ್ನು ವಿದ್ಯುತ್ಕಾಂತೀಯ ಕವರ್ ಮೀಟರಿನಿಂದ ಒಡೆಯದೆ ಅಳೆಯಬಹುದು.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ 2001ರ ಬಿಎಸ್ 7973 ಈ ತುಂಡುಗಳಿಗೇ ಮೀಸಲಾದ ಮಾನಕ. ಬ್ಲಾಕುಗಳ ನಡುವಿನ ಅಂತರ ಸರಳಿನ ವ್ಯಾಸದ 50 ಪಟ್ಟನ್ನೂ 1 ಮೀಟರನ್ನೂ ಮೀರಬಾರದು ಎಂಬುದು ಅದರ ನಿಯಮ, 8 ಮಿ.ಮೀ. ಸರಳಿಗೆ 400, 10ಕ್ಕೆ 500, 12ಕ್ಕೆ 600 ಮಿ.ಮೀ. ಯುರೋಪಿನ ಸಂಹಿತೆ ಕನಿಷ್ಠ ಹೊದಿಕೆಗೆ ಕೆಲಸದ ಏರುಪೇರಿಗೆಂದು ಸಾಮಾನ್ಯವಾಗಿ 10 ಮಿ.ಮೀ. ಕೂಡಿಸುತ್ತದೆ. ಅಮೆರಿಕದಲ್ಲಿ ನೆಲಕ್ಕೆ ತಾಗಿ ಎರೆದ ಕಾಂಕ್ರೀಟಿಗೆ 3 ಇಂಚು ಹೊದಿಕೆ ಬೇಕು. ಅಲ್ಲಿ ‘ಡೋಬಿ’ ಎಂದು ಮಾರಾಟವಾಗುವ ತಂತಿ ಸಹಿತ ಸಿಮೆಂಟ್ ಘನವೂ ನಮ್ಮ ಗಾರೆಯ ಬ್ಲಾಕೂ ಒಂದೇ ಜಾತಿ. ಹೊರದೇಶದಲ್ಲಿ ಮನೆ ಕಟ್ಟಿಸುವ ಕನ್ನಡಿಗರು ಅಲ್ಲಿನ ಸಂಹಿತೆಯ ಅಳತೆಗೇ ಬ್ಲಾಕು ಕೊಳ್ಳಬೇಕು. ಭಾರತದ 20 ಮಿ.ಮೀ. ಬಿಲ್ಲೆ ಅಲ್ಲಿನ ತಪಾಸಣೆಯಲ್ಲಿ ಎಲ್ಲ ಕಡೆ ಸಲ್ಲದು.

ಇಂದಿನ ಸ್ಥಿತಿ

ಗುತ್ತಿಗೆದಾರರ ದೊಡ್ಡ ಕಾಮಗಾರಿಗಳಲ್ಲಿ ಕವರ್ ಬ್ಲಾಕು ಕರಾರಿನ ಭಾಗ. ಖಾಸಗಿ ಮನೆಗಳಲ್ಲಿ ಅದು ಗೌಂಡಿಯ ಅಭ್ಯಾಸ ಮತ್ತು ಮಾಲೀಕನ ಗಮನಕ್ಕೆ ಬಿಟ್ಟ ವಿಷಯ. ಮಜುರಿಯನ್ನು ಚದರಡಿಯ ಲೆಕ್ಕದಲ್ಲಿ ಮಾತಾಡುವಾಗ ಬಿಲ್ಲೆಯನ್ನು ಯಾರು ತರಬೇಕೆಂಬುದು ಬಾಯಿಮಾತಿನ ಕರಾರಿನಲ್ಲಿ ಬಿಟ್ಟುಹೋಗುತ್ತದೆ, ಸ್ಲ್ಯಾಬಿನ ದಿನ ಖಡಿ ಅದರ ಜಾಗಕ್ಕೆ ಬರುತ್ತದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುವ ಬಸವ ವಸತಿಯಂಥ ಯೋಜನೆಗಳಲ್ಲಿ ಬುನಾದಿ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ, ಛಾಯಾಚಿತ್ರದ ಆಧಾರದ ಮೇಲೆ ಹಣ ಬಿಡುಗಡೆಯಾಗುತ್ತದೆ. ಹಂತ ಮುಗಿದುದನ್ನು ಆ ಚಿತ್ರ ತೋರಿಸಬಲ್ಲದು. ಸರಳಿನ ಕೆಳಗಿನ 20 ಮಿ.ಮೀ. ಅದರಲ್ಲಿ ಕಾಣದು. ಕಾಂಕ್ರೀಟ್ ಹಾಕುವ ಮುನ್ನ ಜಾಲರಿಯ ಪಕ್ಕಕ್ಕೆ ಅಳತೆ ಪಟ್ಟಿ ಹಿಡಿದು ತೆಗೆದ ಚಿತ್ರ ಮಾತ್ರ ಅದನ್ನು ದಾಖಲಿಸಬಲ್ಲದು, ಅದಕ್ಕೆ ಮೊಬೈಲ್ ಸಾಕು.